ಹಳೆಯ ಸಮುದ್ರವೋ, ಇಂದಿನ ಸಮುದ್ರವೋ: ಯಾವ ಪ್ರಾಜೆಕ್ಟ್ ಆರಿಸಲಿ?

ಪ್ರಶ್ನೆ: ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಒಂದು ವಿಶ್ವವಿದ್ಯಾಲಯದ ಸಮುದ್ರ ಸಂಶೋಧನಾ ಗುಂಪಿನಲ್ಲಿ ಪಿಎಚ್‌ಡಿಗೆ ಅವಕಾಶ ಸಿಕ್ಕಿದೆ. ಅವರು ಹಿಂದಿನ ಸಮುದ್ರವನ್ನೂ ಇಂದಿನ ಸಮುದ್ರವನ್ನೂ ಅಧ್ಯಯನ ಮಾಡುತ್ತಾರೆ. ನನ್ನ ಮುಂದೆ ಎರಡು ಪ್ರಾಜೆಕ್ಟ್ ಇಟ್ಟಿದ್ದಾರೆ. ಒಂದು, ಸಮುದ್ರ ತಳದ ಕೆಸರನ್ನು ನೋಡಿ ಕಳೆದ ಹಿಮಯುಗದಲ್ಲಿ ಕಾರ್ಬನ್ ಎಲ್ಲಿ ಅಡಗಿತ್ತು ಎಂದು ಹುಡುಕುವುದು. ಇನ್ನೊಂದು, ಈಗಿನ ಸಮುದ್ರದ ನೀರಿನಲ್ಲಿ ಕಾರ್ಬನ್ ಅಳೆಯುವುದು. ಮೂರು ವಾರದಲ್ಲಿ ಉತ್ತರ ಹೇಳಬೇಕು. ಹಳೆಯ ಸಮುದ್ರದ ಕೆಲಸವೆಲ್ಲ ಬರೀ ಊಹೆ ಎಂದು ಕೆಲವರು ಹೇಳುತ್ತಾರೆ. ಇನ್ನೊಬ್ಬರು, ಈಗ ಎಲ್ಲ ರೋಬೋಟ್‌ಗಳೇ ಅಳೆಯುತ್ತವೆ, ನಿನಗೇನು ಕೆಲಸ ಎನ್ನುತ್ತಾರೆ. ಇಂಥದ್ದೇ ಒಂದು ಗುಂಪಿನಲ್ಲಿದ್ದ ಹಿರಿಯ ವಿದ್ಯಾರ್ಥಿನಿ, "ಎರಡು ವರ್ಷ ಸುಮ್ನೆ ಕೂತು ಚಿಪ್ಪು ಆರಿಸಿದೆ" ಎಂದರು. ಗುಂಪಿನ ಫೋಟೋದಲ್ಲಿ ಹನ್ನೊಂದು ಜನ ಇದ್ದಾರೆ. ಯಾರು ಏನು ಮಾಡುತ್ತಾರೆ, ನನಗೆ ಯಾರು ಕಲಿಸುತ್ತಾರೆ, ಒಂದೂ ಗೊತ್ತಿಲ್ಲ. ನನಗೆ ಈಜು ಬರುವುದಿಲ್ಲ. ಬಸ್ಸಿನಲ್ಲೇ ವಾಂತಿ ಬರುತ್ತದೆ, ಇನ್ನು ಹಡಗಿನ ಮಾತೇನು? ದಯವಿಟ್ಟು ಸರಿಯಾದ ದಾರಿ ತಿಳಿಸಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ಒಳಗಿರುವ ಚಿಂತೆ ಒಂದೇ ಅಂತ ನನಗೆ ಅನಿಸಿತು. ನಾಲ್ಕೈದು ವರ್ಷ ಕೊಟ್ಟ ಮೇಲೆ ಕೈಗೆ ಗಟ್ಟಿಯಾದದ್ದು ಏನೂ ಸಿಗದಿದ್ದರೆ ಏನು ಗತಿ, ಅಲ್ವಾ? ಈ ಚಿಂತೆ ನ್ಯಾಯವಾದದ್ದು. ನಾನು ಕೆಸರಿನ ಲ್ಯಾಬಿನಲ್ಲೂ ಕೆಲಸ ಮಾಡಿದ್ದೇನೆ, ನೀರಿನ ಬಾಟಲಿಗಳ ಜೊತೆ ಹಡಗಿನಲ್ಲೂ ಇದ್ದೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ಯಾವುದು ಅನ್ನುವುದು ಎರಡನೇ ಮಾತು. ಆ ಹನ್ನೊಂದು ಜನರ ನಡುವೆ ಒಂದು ತಪ್ಪು ಅಂಕಿ ಬಂದರೆ ಏನಾಗುತ್ತದೆ ಅನ್ನುವುದು ಮೊದಲ ಮಾತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು "ಊಹೆ" ಎಂಬ ಆರೋಪ ನೋಡೋಣ.

ಸಮುದ್ರದಲ್ಲಿ ಫೋರಾಮಿನಿಫೆರಾ ಎಂಬ ಒಂದೇ ಕೋಶದ ಜೀವಿಗಳಿವೆ. ಲ್ಯಾಬಿನಲ್ಲಿ ಎಲ್ಲರೂ ಫೋರಾಮ್ ಅಂತಲೇ ಕರೆಯುವುದು. ಹೆಚ್ಚಿನವು ಸಣ್ಣ ಮರಳಿನ ಕಣದಷ್ಟು. ಅವು ಸುತ್ತಲಿನ ನೀರಿನಿಂದಲೇ ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತಾಗ ಚಿಪ್ಪು ತಳಕ್ಕೆ ಬಿದ್ದು, ಪದರದ ಮೇಲೆ ಪದರವಾಗಿ ಕೂರುತ್ತದೆ. ನೀರಿನಲ್ಲಿರುವ ಆಕ್ಸಿಜನ್‌ನಲ್ಲಿ ಹಗುರವಾದ 16, ಭಾರವಾದ 18 ಎಂಬ ಎರಡು ಬಗೆ ಮುಖ್ಯ. ನೀರು ತಣ್ಣಗಿದ್ದಷ್ಟೂ ಚಿಪ್ಪಿನೊಳಗೆ 18 ತುಸು ಜಾಸ್ತಿ ಸೇರುತ್ತದೆ. ಇದನ್ನು ಬಳಸಿ ಹಳೆಯ ಸಮುದ್ರದ ತಾಪಮಾನ ಅಳೆಯಬಹುದು ಎಂದು 1947ರಲ್ಲಿ ಬರೆದವರು ಹೆರಾಲ್ಡ್ ಯೂರಿ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅವರ ಸುತ್ತ ಒಂದು ಚಿಕ್ಕ ಗುಂಪು ಇತ್ತು. ಸ್ಯಾಮುಯೆಲ್ ಎಪ್‌ಸ್ಟೈನ್, ಹೈಂಜ್ ಲೋವೆನ್‌ಸ್ಟಾಮ್, ಆಮೇಲೆ ಚೆಸಾರೆ ಎಮಿಲಿಯಾನಿ. ಅವರು ಮೊದಲು ಹಳೆಯ ಚಿಪ್ಪಿಗೆ ಕೈ ಹಾಕಲಿಲ್ಲ. ಎಷ್ಟು ಬಿಸಿ ನೀರಿನಲ್ಲಿ ಬೆಳೆದವು ಎಂದು ಗೊತ್ತಿರುವ ಇವತ್ತಿನ ಚಿಪ್ಪುಗಳನ್ನು ಅಳೆದು, ಅಂಕಿಗೂ ತಾಪಮಾನಕ್ಕೂ ಇರುವ ನಂಟನ್ನು ಗಟ್ಟಿ ಮಾಡಿಕೊಂಡರು. ಅಂದರೆ ಹಳೆಯ ಸಮುದ್ರದ ವಿಜ್ಞಾನ ಶುರುವಾದದ್ದೇ ಇಂದಿನ ಸಮುದ್ರದಿಂದ.

1955ರಲ್ಲಿ ಎಮಿಲಿಯಾನಿ ಕೆರಿಬಿಯನ್ ಮತ್ತು ಅಟ್ಲಾಂಟಿಕ್ ಸಮುದ್ರಗಳ ಕೆಸರಿನ ಕಂಬಗಳಲ್ಲಿದ್ದ ಫೋರಾಮ್‌ಗಳನ್ನು ಅಳೆದು ಹಿಮಯುಗಗಳ ಏರಿಳಿತದ ಗೆರೆ ಎಳೆದರು. ಆ ಗೆರೆಯ ಆಕಾರ ಇಂದಿಗೂ ನಿಂತಿದೆ. ಆದರೆ ಅದು ಬಹುಪಾಲು ತಾಪಮಾನದ ಗೆರೆ ಎಂದು ಅವರು ತಿಳಿದಿದ್ದರು. ಅಲ್ಲಿ ಒಂದು ಪೇಚಿತ್ತು. ಸಮುದ್ರದಿಂದ ಆವಿಯಾಗುವಾಗ ಹಗುರವಾದ 16 ಸುಲಭವಾಗಿ ಏಳುತ್ತದೆ. ಆ ಆವಿ ಹಿಮವಾಗಿ ನೆಲದ ಮೇಲೆ ಸಿಕ್ಕಿಕೊಂಡರೆ, ಉಳಿದ ಸಮುದ್ರದಲ್ಲಿ 18ರ ಪಾಲು ಹೆಚ್ಚುತ್ತದೆ. ಆಗ ನೀರು ತಣ್ಣಗಾಗದಿದ್ದರೂ ಚಿಪ್ಪಿನ ಅಂಕಿ ಬದಲಾಗುತ್ತದೆ. 1967ರಲ್ಲಿ ನಿಕೋಲಸ್ ಶ್ಯಾಕಲ್‌ಟನ್ ಇದನ್ನು ಬಿಡಿಸಿದ ರೀತಿ ನನಗೆ ಈಗಲೂ ಬಹಳ ಇಷ್ಟ. ಮೇಲ್ನೀರಿನಲ್ಲಿ ಬದುಕಿದ ಚಿಪ್ಪನ್ನೂ ಆಳದ ತಳದಲ್ಲಿ ಬದುಕಿದ ಚಿಪ್ಪನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಳದ ನೀರು ಈಗಲೇ ಕೊರೆಯುವಷ್ಟು ತಣ್ಣಗಿದೆ, ಅದು ಇನ್ನೆಷ್ಟು ತಣ್ಣಗಾಗಲು ಸಾಧ್ಯ? ಆದರೂ ತಳದ ಚಿಪ್ಪಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಏರಿಳಿತ ಕಂಡಿತು. ಹಾಗಾದರೆ ಆ ಗೆರೆಯ ದೊಡ್ಡ ಪಾಲು ಹೇಳುತ್ತಿರುವುದು ಹಿಮದ ಪ್ರಮಾಣವನ್ನು. ಈಗ ಚಿಪ್ಪಿನಲ್ಲಿರುವ ಮೆಗ್ನೀಸಿಯಮ್ ಮತ್ತು ಕ್ಯಾಲ್ಸಿಯಮ್‌ನ ಅನುಪಾತದಿಂದ ತಾಪಮಾನವನ್ನು ಬೇರೆಯಾಗಿ ತೆಗೆದು, ಎರಡನ್ನೂ ಬಿಡಿಸಿ ನೋಡುತ್ತೇವೆ.

ಊಹೆ ಆಗಿದ್ದರೆ ಹೀಗೆ ತಿದ್ದಲು ಬರುತ್ತಿತ್ತಾ? ಇನ್ನೊಬ್ಬರು ಅದೇ ಕೆಸರನ್ನು ಬೇರೆ ಬಗೆಯಲ್ಲಿ ಅಳೆದು ತಪ್ಪನ್ನು ತೋರಿಸಬಹುದು. ಹಾಗೆ ತೋರಿಸಿದ್ದಾರೆ. ನಿಮ್ಮ ಮುಂದಿನ ಕೆಲಸದಲ್ಲೂ ಹಾಗೇ ಆಗುತ್ತದೆ. ನಿಖರತೆಗೆ ಮಿತಿ ಇದೆ, ಅದು ನಿಜ. ಮಿತಿ ಎಷ್ಟು ಎಂದು ಹೇಳಿಯೇ ಅಂಕಿ ಕೊಡುತ್ತೇವೆ.

ಈಗ ನಿಮ್ಮ ಎರಡು ಪ್ರಾಜೆಕ್ಟ್‌ಗಳಿಗೆ ಬರೋಣ. ಅವು ಎರಡು ದಾರಿಗಳಂತೆ ನಿಮಗೆ ಕಂಡಿವೆ. ನನಗೆ ಅವು ಒಂದೇ ಪ್ರಶ್ನೆಯ ಎರಡು ತುದಿಗಳು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತುತ್ತತುದಿಯಲ್ಲಿದ್ದಾಗ, ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 190ರ ಆಸುಪಾಸಿನಲ್ಲಿತ್ತು. ಹಿಮಯುಗ ಮುಗಿದ ಮೇಲೆ ಅದು 280ರ ಹತ್ತಿರಕ್ಕೆ ಬಂತು. ಇವತ್ತು 420 ದಾಟಿದೆ. ಹಿಮಯುಗದಲ್ಲಿ ಗಾಳಿಯಲ್ಲಿ ಇಲ್ಲದ ಆ ಕಾರ್ಬನ್ ಎಲ್ಲಿಗೆ ಹೋಗಿತ್ತು? ಬಹುಪಾಲು ಆಳ ಸಮುದ್ರಕ್ಕೆ. ಅದನ್ನು ಸಮುದ್ರ ಹೇಗೆ ಹಿಡಿದಿಟ್ಟಿತು, ಆಮೇಲೆ ಹೇಗೆ ಬಿಟ್ಟಿತು ಅನ್ನುವುದು ನಿಮ್ಮ ಮೊದಲ ಪ್ರಾಜೆಕ್ಟ್. ಈಗ ನಾವು ಬಿಡುತ್ತಿರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ನುಂಗುತ್ತಿದೆ. ಅದರ ಫಲವಾಗಿ ಮೇಲ್ನೀರಿನ ಪಿಎಚ್ ಕೈಗಾರಿಕೆಗಳ ಕಾಲ ಶುರುವಾದಾಗಿನಿಂದ ಸುಮಾರು 0.1ರಷ್ಟು ಇಳಿದಿದೆ. ಚಿಕ್ಕ ಅಂಕಿಯಂತೆ ಕಾಣುತ್ತದೆ. ಆದರೆ ನೀವು ಕೆಮಿಸ್ಟ್ರಿಯವರು, ಪಿಎಚ್ ಲಾಗರಿದಮ್ ಅಂತ ನಿಮಗೆ ಗೊತ್ತು. ಹೈಡ್ರೋಜನ್ ಅಯಾನು ಶೇ. 30ರ ಹತ್ತಿರ ಹೆಚ್ಚಿದಂತಾಯಿತು. ಹೀಗೆ ಎಷ್ಟು ದಿನ ನುಂಗುತ್ತದೆ ಅನ್ನುವುದು ನಿಮ್ಮ ಎರಡನೇ ಪ್ರಾಜೆಕ್ಟ್.

ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ. ಅಟ್ಲಾಂಟಿಕ್ ಸಮುದ್ರದಲ್ಲಿ ಬೆಚ್ಚಗಿನ ನೀರನ್ನು ಉತ್ತರಕ್ಕೆ ಒಯ್ದು, ತಣ್ಣಗಾದ ನೀರನ್ನು ಆಳದಲ್ಲಿ ದಕ್ಷಿಣಕ್ಕೆ ತರುವ ದೊಡ್ಡ ಚಲನೆ ಇದೆ. ಅದನ್ನು 26.5 ಡಿಗ್ರಿ ಉತ್ತರದಲ್ಲಿ ಸಾಲಾಗಿ ಉಪಕರಣ ಕಟ್ಟಿ ಎಡೆಬಿಡದೆ ಅಳೆಯಲು ಶುರು ಮಾಡಿದ್ದು 2004ರಲ್ಲಿ. ಸಾವಿರಾರು ವರ್ಷಗಳ ಲಯ ಇರುವ ವಿಷಯಕ್ಕೆ ಇಪ್ಪತ್ತು ಚಿಲ್ಲರೆ ವರ್ಷದ ದಾಖಲೆ! ಈ ಚಲನೆ ಹಿಂದೆ ಯಾವಾಗ ಕುಗ್ಗಿತ್ತು, ಕುಗ್ಗಿದಾಗ ಏನಾಯ್ತು ಎಂದು ತಿಳಿಯಲು ಕೆಸರಿನ ಹತ್ತಿರವೇ ಹೋಗಬೇಕು. ಕೆಸರಿನ ಭಾಷೆ ಅರ್ಥವಾಗಲು ಮತ್ತೆ ಇವತ್ತಿನ ನೀರಿನ ಹತ್ತಿರವೇ ಬರಬೇಕು.

ಹಾಗೇ ರೋಬೋಟ್ ಮಾತು. ಆರ್ಗೋ ಎಂಬ ತೇಲುವ ಯಂತ್ರಗಳು ಸುಮಾರು 4,000 ಇವೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್‌ವರೆಗೆ ಇಳಿದು, ಮೇಲೆ ಬರುತ್ತಾ ಅಳೆದು, ಉಪಗ್ರಹಕ್ಕೆ ಅಂಕಿ ಕಳಿಸುತ್ತವೆ. ಅದ್ಭುತವಾದ ಕೆಲಸ. ಆದರೆ ಅವುಗಳಲ್ಲಿ ಹೆಚ್ಚಿನವು ತಾಪಮಾನ ಮತ್ತು ಉಪ್ಪಿನಂಶ ಅಳೆಯುವಂಥವು. ಸೆನ್ಸರ್‌ಗಳು ದಿನ ಕಳೆದಂತೆ ದಾರಿ ತಪ್ಪುತ್ತವೆ. ಅವುಗಳ ಅಂಕಿಯನ್ನು ಸರಿ ಇದೆಯಾ ಎಂದು ನೋಡಲು ಹಡಗಿನಿಂದ ತೆಗೆದ ನೀರು ಬೇಕು, ಅದನ್ನು ಅಳೆಯಲು ಒಳ್ಳೆಯ ಕೆಮಿಸ್ಟ್ ಬೇಕು. ನಿಮ್ಮ ಕೆಲಸವನ್ನು ಅವು ಕಸಿಯುತ್ತವೆ ಎಂದು ನನಗೆ ಒಂದು ಕ್ಷಣವೂ ಅನಿಸಿಲ್ಲ.

ಆ ಫೋಟೋ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಪ್ರವೇಶ ಪಡೆಯುವ ಹುಡುಗ ಹುಡುಗಿಯರು ಇದನ್ನೇ ಕೇಳುವುದಿಲ್ಲ.

ಮಧ್ಯದಲ್ಲಿ ನಿಂತವರು ಸಾಮಾನ್ಯವಾಗಿ ಗುಂಪಿನ ಮುಖ್ಯಸ್ಥರು, ನಿಮ್ಮ ಗೈಡ್. ಅವರ ದಿನದ ದೊಡ್ಡ ಪಾಲು ಪಾಠ, ಹಣಕ್ಕಾಗಿ ಅರ್ಜಿ, ಬೇರೆಯವರ ಬರಹ ತಿದ್ದುವುದರಲ್ಲಿ ಹೋಗುತ್ತದೆ. ವಾರಕ್ಕೆ ಒಂದು ಗಂಟೆ ನಿಮಗೇ ಅಂತ ಕೊಟ್ಟರೆ ಒಳ್ಳೆಯ ಗೈಡ್. ಪಕ್ಕದಲ್ಲಿ ಒಬ್ಬಿಬ್ಬರು ಪೋಸ್ಟ್‌ಡಾಕ್ ಇರುತ್ತಾರೆ. ಪಿಎಚ್‌ಡಿ ಮುಗಿಸಿ ಎರಡು ಮೂರು ವರ್ಷದ ಒಪ್ಪಂದದ ಮೇಲೆ ಬಂದವರು. ನಿಮಗೆ ಡೇಟಾ ಓದಲು, ಬರೆಯಲು ನಿಜವಾಗಿ ಕಲಿಸುವವರು ಹೆಚ್ಚಾಗಿ ಇವರೇ. ಅವರ ತಲೆಯ ಮೇಲೂ ಒಪ್ಪಂದ ಮುಗಿಯುವ ದಿನಾಂಕ ತೂಗುತ್ತಿರುತ್ತದೆ ಅನ್ನುವುದು ನೆನಪಿರಲಿ. ಆಮೇಲೆ ಪಿಎಚ್‌ಡಿಯವರು, ಮಾಸ್ಟರ್ಸ್ ಪ್ರಾಜೆಕ್ಟ್‌ಗೆ ಬಂದವರು. ಕಂಪ್ಯೂಟರಿನಲ್ಲಿ ಸಮುದ್ರದ ಮಾದರಿ ಓಡಿಸುವವರು ಒಬ್ಬರಾದರೂ ಇರಬಹುದು. ಅವರು ಕೆಸರನ್ನು ಮುಟ್ಟುವುದೇ ಇಲ್ಲ, ಆದರೆ ನಿಮ್ಮ ಅಂಕಿಗೆ ಏನು ಅರ್ಥ ಎಂದು ಕಟುವಾಗಿ ಕೇಳುವವರು ಅವರೇ.

ಇನ್ನು ಫೋಟೋದ ಅಂಚಿನಲ್ಲಿ ನಿಂತವರು. ಲ್ಯಾಬ್ ಟೆಕ್ನಿಷಿಯನ್. ಅವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಮೊದಲು ಕೇಳಿ. ಒಪ್ಪಂದದವರು ಬಂದು ಹೋಗುತ್ತಾರೆ. ಚಿಪ್ಪಿನಲ್ಲಿರುವ 16 ಮತ್ತು 18ರ ಪಾಲನ್ನು ಅಳೆಯುವ ಯಂತ್ರ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್, ಯಾವ ದಿನ ಮುನಿಸಿಕೊಂಡಿದೆ, ಯಾವ ಬಾಟಲಿಯ ಆಸಿಡ್ ಹಳೆಯದಾಗಿದೆ, ಯಾವ ವಿದ್ಯಾರ್ಥಿ ಅವಸರದಲ್ಲಿ ಕೆಲಸ ಮಾಡುತ್ತಾನೆ ಅನ್ನುವುದೆಲ್ಲ ಇವರ ತಲೆಯಲ್ಲಿ ಇರುತ್ತದೆ.

ನನ್ನದೇ ಒಂದು ಘಟನೆ ಹೇಳುತ್ತೇನೆ. ಕೆಸರನ್ನು ಜರಡಿಯಲ್ಲಿ ತೊಳೆದು ಚಿಪ್ಪು ಬೇರ್ಪಡಿಸುತ್ತೇವೆ. 63 ಮೈಕ್ರಾನ್ ಜರಡಿ, ಅಂದರೆ ಕೂದಲೆಳೆಯಷ್ಟು ಕಿಂಡಿ. ಎಷ್ಟು ತೊಳೆದರೂ ಹಿಂದಿನ ಸ್ಯಾಂಪಲ್‌ನ ಒಂದೆರಡು ಚಿಪ್ಪು ಕಿಂಡಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಅದಕ್ಕೇ ಒಂದು ಸ್ಯಾಂಪಲ್ ಆದ ಮೇಲೆ ಜರಡಿಯನ್ನು ಮೆಥಿಲೀನ್ ಬ್ಲೂ ಬಣ್ಣದಲ್ಲಿ ಅದ್ದುತ್ತೇವೆ. ಸಿಕ್ಕಿಕೊಂಡ ಹಳೆಯ ಚಿಪ್ಪು ನೀಲಿಯಾಗುತ್ತದೆ. ಮುಂದಿನ ಸ್ಯಾಂಪಲ್‌ನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ನೀಲಿ ಚಿಪ್ಪು ಕಂಡರೆ, ಇದು ಇಲ್ಲಿನದಲ್ಲ ಎಂದು ಬದಿಗೆ ಸರಿಸುತ್ತೇವೆ. ಇಷ್ಟು ಸರಳ. ಪಿಎಚ್‌ಡಿಯ ಎರಡನೇ ವರ್ಷದಲ್ಲಿ ಒಂದು ದಿನ ಬಣ್ಣ ಮುಗಿದಿತ್ತು. ಒಂದು ದಿನ ತಾನೇ ಅಂತ ಬರೀ ನೀರಿನಲ್ಲಿ ತೊಳೆದು ಕೆಲಸ ಮುಂದುವರಿಸಿದೆ. ಮೂರು ವಾರದ ಮೇಲೆ ಅಳತೆ ಬಂತು. ಹಿಮಯುಗದ ನಟ್ಟನಡುವೆ ಒಂದು ಬಿಂದು ಮಾತ್ರ ಇವತ್ತಿನ ಬೆಚ್ಚಗಿನ ಸಮುದ್ರದಂತೆ ಮೇಲೆ ನೆಗೆದಿತ್ತು. ಏನೋ ಹೊಸದು ಸಿಕ್ಕಿತು ಎಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಟೆಕ್ನಿಷಿಯನ್ ಮೇಡಂ ನನ್ನ ನೋಟ್‌ಬುಕ್ ತೆಗೆದು, ಆ ದಿನದ ಸ್ಯಾಂಪಲ್‌ಗಳ ಸಾಲಿನ ಮೇಲೆ ಬೆರಳಿಟ್ಟರು. ಆ ಸ್ಯಾಂಪಲ್‌ಗೆ ಸ್ವಲ್ಪ ಮುಂಚೆ ನಾನು ತೊಳೆದದ್ದು ಕೆಸರಿನ ಮೇಲ್ಪದರ. ಇವತ್ತಿನ ಚಿಪ್ಪುಗಳು. "ಟ್ರೇಯಲ್ಲಿ ನೀಲಿ ಎಷ್ಟಿತ್ತು?" ಎಂದು ಕೇಳಿದರು. ಬಣ್ಣ ಹಾಕಿರಲಿಲ್ಲ ಎಂದೆ. ಅವರು ಒಂದು ಮಾತೂ ಬೈಯಲಿಲ್ಲ. ಹೊಸ ಬಣ್ಣದ ಸೀಸೆ ತಂದು ಕೈಗೆ ಕೊಟ್ಟರು. ಆ ದಿನದ ಆರೂ ಸ್ಯಾಂಪಲ್‌ಗಳನ್ನು ಉಳಿದ ಕೆಸರಿನಿಂದ ಹೊಸದಾಗಿ ತೆಗೆದು ಮತ್ತೆ ತೊಳೆದೆವು. ಬಿಂದು ತನ್ನ ಜಾಗಕ್ಕೆ ಬಂತು. ಆ ವಾರದ ಮೀಟಿಂಗ್‌ನಲ್ಲಿ ನಾನೇ ಎದ್ದು ನಿಂತು ಎಲ್ಲರಿಗೂ ಹೇಳಿದೆ. ಗೈಡ್ ಕೇಳಿದ್ದು ಒಂದೇ ಪ್ರಶ್ನೆ: ಬಣ್ಣ ಮುಗಿಯುವ ಮೊದಲೇ ತರಿಸುವ ಜವಾಬ್ದಾರಿ ಯಾರದು ಮಾಡೋಣ?

ಇನ್ನೊಂದು ಲ್ಯಾಬಿನಲ್ಲಿ ಇದಕ್ಕೆ ತಿರುಗುಮುರುಗು ನೋಡಿದ್ದೇನೆ. ಅಲ್ಲಿ ತಪ್ಪು ಮಾಡಿದವರನ್ನು ಮೀಟಿಂಗ್‌ನಲ್ಲಿ ಎಲ್ಲರೆದುರು ಹೀಯಾಳಿಸುತ್ತಿದ್ದರು. ಹಾಗಾಗಿ ಯಾರೂ ಹೇಳುತ್ತಿರಲಿಲ್ಲ. ಒಬ್ಬ ಹುಡುಗ ಎರಡು ಸ್ಯಾಂಪಲ್ ಚೀಟಿ ಅದಲುಬದಲಾದದ್ದನ್ನು ಹೆದರಿ ಮುಚ್ಚಿಟ್ಟ. ಅದು ಪ್ರಕಟವಾದ ಲೇಖನದವರೆಗೂ ಹೋಯಿತು. ಆಮೇಲೆ ತಿದ್ದುಪಡಿ ಹಾಕಬೇಕಾಯಿತು. ಆ ಹುಡುಗ ಸಂಶೋಧನೆಯನ್ನೇ ಬಿಟ್ಟ. ನನಗೆ ಇವತ್ತಿಗೂ ಅವನದ್ದು ತಪ್ಪು ಅನಿಸಿಲ್ಲ.

ಇದಕ್ಕೇ ನಾನು ತಪ್ಪು ಅಂಕಿಯ ಮಾತನ್ನು ಮೊದಲು ತೆಗೆದದ್ದು. ಈ ಕ್ಷೇತ್ರದಲ್ಲಿ ಒಂದು ಅಂಕಿ ನಿಮ್ಮ ಕೈಗೆ ಬರುವ ಹೊತ್ತಿಗೆ ಎಂಟ್ಹತ್ತು ಕೈ ದಾಟಿರುತ್ತದೆ. ಕೆಸರು ಮೇಲೆತ್ತಿದವರು, ಕೊಳವೆಗೆ ಗುರುತು ಹಾಕಿದವರು, ಕತ್ತರಿಸಿದವರು, ತೊಳೆದವರು, ಆರಿಸಿದವರು, ಯಂತ್ರ ನೋಡಿಕೊಂಡವರು. ಒಬ್ಬರು ಹೆದರಿ ಸುಮ್ಮನಾದರೆ ಉಳಿದವರೆಲ್ಲರ ವರ್ಷಗಳು ನೀರಿಗೆ ಹೋಗುತ್ತವೆ.

ಈಗ "ಎರಡು ವರ್ಷ ಚಿಪ್ಪು ಆರಿಸಿದೆ" ಎಂದ ನಿಮ್ಮ ಹಿರಿಯ ಗೆಳತಿಯ ಮಾತು. ಅದು ಸುಳ್ಳಲ್ಲ. ಚೌಕಗಳಿರುವ ಕಪ್ಪು ಟ್ರೇಯ ಮೇಲೆ ಒಣ ಮರಳಿನಂತೆ ಸ್ಯಾಂಪಲ್ ಉದುರಿಸುತ್ತೀರಿ. ಕೆಲವೇ ಕೂದಲಿನ ಕುಂಚದ ತುದಿಯನ್ನು ನೀರಿನಲ್ಲಿ ಅದ್ದಿ, ಬೇಕಾದ ಜಾತಿಯ ಚಿಪ್ಪನ್ನು ಅಂಟಿಸಿಕೊಂಡು ಎತ್ತುತ್ತೀರಿ. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುತ್ತದೆ. ಮೊದಲ ತಿಂಗಳು ಕತ್ತು ನೋವು, ಕಣ್ಣು ಉರಿ. ಮೂರನೇ ತಿಂಗಳಿಗೆ ಮುರಿದ ಚಿಪ್ಪು ಯಾವುದು, ಕರಗಲು ಶುರುವಾದದ್ದು ಯಾವುದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಈ ಕಣ್ಣು ಬರದೆ ಯಾರೂ ಒಳ್ಳೆಯ ಡೇಟಾ ಕೊಟ್ಟದ್ದನ್ನು ನಾನು ನೋಡಿಲ್ಲ. ಆದರೆ ಎರಡು ವರ್ಷ ಅದೊಂದೇ ಮಾಡಿಸಿ, ಯಂತ್ರದ ಹತ್ತಿರ ಬಿಡದೆ, ಲೇಖನ ಬರೆಯಲು ಕರೆಯದೆ ಇದ್ದರೆ ಅದು ತರಬೇತಿ ಅಲ್ಲ, ದುಡಿಸಿಕೊಳ್ಳುವುದು. ಮೊದಲ ವರ್ಷದ ಕೊನೆಗೆ ಒಂದಷ್ಟು ಅಂಕಿ ನಿಮ್ಮ ಕೈಯಲ್ಲೇ ಬಂದು, ಅದರ ಮೇಲೆ ನೀವೇ ನಾಲ್ಕು ಮಾತು ಹೇಳುವಂತಾಗಿರಬೇಕು.

ಎರಡೂ ಪ್ರಾಜೆಕ್ಟ್‌ಗಳಿಗೆ ಅವುಗಳದ್ದೇ ಅಪಾಯಗಳಿವೆ. ಕೆಸರಿನ ಕೆಲಸದಲ್ಲಿ ಮೊದಲ ಅಪಾಯ ಕೋರ್‌ನದ್ದೇ. ಕೋರ್ ಅಂದರೆ ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬ. ಬಹಳ ಆಳದಲ್ಲಿ ಸುಣ್ಣದ ಚಿಪ್ಪು ಕರಗಿಹೋಗುತ್ತದೆ. ಅಂಥ ಜಾಗದ ಕೋರ್ ಆದರೆ ಆರಿಸಲು ಚಿಪ್ಪೇ ಇರುವುದಿಲ್ಲ. ತಳದ ಹುಳುಗಳು ಕೆಸರಿನ ಮೇಲಿನ ಸುಮಾರು 10 ಸೆಂಟಿಮೀಟರ್ ಕಲಕುತ್ತಲೇ ಇರುತ್ತವೆ. ಸಾವಿರ ವರ್ಷಕ್ಕೆ 2 ಸೆಂಟಿಮೀಟರ್ ಕೂರುವ ಜಾಗದಲ್ಲಿ ಹಾಗೆ ಕಲಕಿದರೆ 5,000 ವರ್ಷ ಒಂದಕ್ಕೊಂದು ಬೆರೆತುಹೋಗುತ್ತದೆ. ನಿಮ್ಮ ಪ್ರಶ್ನೆಗೆ ಅದು ಸಾಲದು, ಬೇಗ ಬೇಗ ಕೆಸರು ಕೂತ ಜಾಗ ಬೇಕು. ವಯಸ್ಸು ತಿಳಿಯಲು ಕಾರ್ಬನ್-14 ಇದೆ, ಅದು ಸುಮಾರು 50,000 ವರ್ಷದವರೆಗೆ ಮಾತ್ರ. ಕಳೆದ ಹಿಮಯುಗದ ತುತ್ತತುದಿಗೆ ಅದು ಸಾಕು. ಇನ್ನು ಯಂತ್ರ ಕೆಟ್ಟರೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದರೆ ಕೆಸರಿಗೆ ಒಂದು ದೊಡ್ಡ ಅನುಕೂಲ ಇದೆ. ಇವತ್ತು ತಪ್ಪಿದರೆ ನಾಳೆ ಮತ್ತೆ ಅಳೆಯಬಹುದು. ಕೋರ್ ಅಲ್ಲೇ ಇರುತ್ತದೆ.

ನೀರಿನ ಕೆಲಸದಲ್ಲಿ ಆ ಅನುಕೂಲ ಇಲ್ಲ. ಹಡಗಿನ ದಿನಾಂಕ ಮುಂದೆ ಹೋಗಬಹುದು. ಬಿರುಗಾಳಿ ಬಂದು ಅರ್ಧ ಜಾಗಗಳನ್ನು ಬಿಡಬೇಕಾಗಬಹುದು. ಕಾರ್ಬನ್ ಬಾಟಲಿ ತುಂಬುವುದನ್ನೇ ನೋಡಿ. ಕೊಳವೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ಒಂದು ಗುಳ್ಳೆಯೂ ಬಾರದಂತೆ ತುಂಬಿ, ಉಕ್ಕಿ ಹರಿಯಲು ಬಿಡಬೇಕು. ನೀರಿನಲ್ಲಿರುವ ಜೀವಿಗಳು ಕಾರ್ಬನ್ ಬದಲಾಯಿಸದಂತೆ ಮರ್ಕ್ಯುರಿಕ್ ಕ್ಲೋರೈಡ್ ಹಾಕಿ ಮುಚ್ಚಬೇಕು. ಅದು ಬಲವಾದ ವಿಷ, ಕೈಗವಸು ಇಲ್ಲದೆ ಮುಟ್ಟುವಂತಿಲ್ಲ. ಇದನ್ನೆಲ್ಲ ಹಡಗು ತೂಗಾಡುತ್ತಿರುವಾಗ, ನಡುರಾತ್ರಿ ಮೂರು ಗಂಟೆಗೆ ಮಾಡಬೇಕು. ಆ ಬಾಟಲಿ ಕೆಟ್ಟರೆ ಆ ನೀರು ಮತ್ತೆ ಸಿಗುವುದಿಲ್ಲ. ಹುಡುಕುತ್ತಿರುವ ಬದಲಾವಣೆ ಬಹಳ ಚಿಕ್ಕದು, ಋತುವಿನಿಂದ ಋತುವಿಗೆ ಆಗುವ ಏರಿಳಿತವೇ ಅದಕ್ಕಿಂತ ದೊಡ್ಡದಿರುತ್ತದೆ. ಹಾಗಾಗಿ ಜಗತ್ತಿನ ಲ್ಯಾಬುಗಳು ತಮ್ಮ ಅಳತೆಯನ್ನು ಒಂದೇ ಬಗೆಯ ಮಾನಕ ಸಮುದ್ರದ ನೀರಿನ ಜೊತೆ ಹೋಲಿಸಿಕೊಳ್ಳುತ್ತವೆ. ಅಮೆರಿಕದ ಸ್ಕ್ರಿಪ್ಸ್ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಆಂಡ್ರ್ಯೂ ಡಿಕ್ಸನ್ ಅವರ ಲ್ಯಾಬ್ ಇಂಥ ನೀರನ್ನು ತಯಾರಿಸಿ ಹಂಚುತ್ತಾ ಬಂದಿದೆ. ಎಷ್ಟು ದೊಡ್ಡ ವಿಜ್ಞಾನ ಒಂದು ಗಾಜಿನ ಬಾಟಲಿಯ ನೀರಿನ ಮೇಲೆ ನಿಂತಿದೆ ನೋಡಿ. ನಿಮ್ಮಂಥ ಕೆಮಿಸ್ಟ್‌ಗೆ ಈ ನಿಖರತೆಯ ಕೆಲಸ ಬಹಳ ಹಿಡಿಸಬಹುದು.

ಹಡಗಿಗೆ ಹೋಗಲೇಬೇಕಾ? ಕೆಸರಿನ ಪ್ರಾಜೆಕ್ಟ್ ಆದರೆ, ಬೇಕಾಗಿಲ್ಲ. 1968ರಿಂದ ಸಮುದ್ರ ತಳ ಕೊರೆದು ತಂದ ಕೋರ್‌ಗಳನ್ನು ಜರ್ಮನಿಯ ಬ್ರೆಮೆನ್, ಅಮೆರಿಕದ ಟೆಕ್ಸಾಸ್, ಜಪಾನಿನ ಕೋಚಿಯಲ್ಲಿ ತಂಪು ಕೋಣೆಗಳಲ್ಲಿ ಇಟ್ಟಿದ್ದಾರೆ. ಒಂದೂವರೆ ಮೀಟರಿನ ತುಂಡುಗಳು, ಉದ್ದಕ್ಕೆ ಸೀಳಿ ಒಂದು ಅರ್ಧ ಕಾಪಿಡಲು, ಇನ್ನೊಂದು ಅರ್ಧ ಸ್ಯಾಂಪಲ್ ಕೊಡಲು. ಮೇಲ್ತುದಿಗೆ ನೀಲಿ ಮುಚ್ಚಳ ಹಾಕಿರುತ್ತಾರೆ, ತಲೆಕೆಳಗಾಗದಿರಲಿ ಅಂತ. ಕಾರಣ ಕೊಟ್ಟು ಕೇಳಿದರೆ ಸ್ಯಾಂಪಲ್ ಕಳಿಸುತ್ತಾರೆ. ಹಿಮಯುಗಗಳ ಲಯಕ್ಕೂ ಭೂಮಿಯ ಕಕ್ಷೆಗೂ ಇರುವ ನಂಟನ್ನು ಹೇಸ್, ಇಂಬ್ರಿ, ಶ್ಯಾಕಲ್‌ಟನ್ 1976ರಲ್ಲಿ ತೋರಿಸಿದ್ದು ದಕ್ಷಿಣ ಹಿಂದೂ ಮಹಾಸಾಗರದಿಂದ ಮುಂಚೆಯೇ ತಂದಿಟ್ಟಿದ್ದ ಎರಡು ಕೋರ್‌ಗಳಿಂದ. ಇನ್ನೊಂದು ಸಂಗತಿಯೂ ಗೊತ್ತಿರಲಿ. 1985ರಿಂದ ಕೊರೆಯುತ್ತಿದ್ದ ಜೋಯಿಡಸ್ ರೆಸಲ್ಯೂಷನ್ ಎಂಬ ಹಡಗು 2024ರಲ್ಲಿ ಈ ಕೆಲಸ ನಿಲ್ಲಿಸಿತು. ಜಪಾನ್ ಮತ್ತು ಯುರೋಪ್ ಸೇರಿ 2025ರಿಂದ ಹೊಸ ಕಾರ್ಯಕ್ರಮ ನಡೆಸುತ್ತಿವೆ. ಆದರೂ ಮುಂದಿನ ಕೆಲವು ವರ್ಷ ಹಳೆಯ ಕೋರ್‌ಗಳ ಬೆಲೆ ಹೆಚ್ಚುವುದೇ ಹೊರತು ಕಡಿಮೆಯಾಗದು.

ಇಷ್ಟೆಲ್ಲ ಕೇಳಿದ ಮೇಲೆ ನಾನಾದರೆ ಏನು ಮಾಡುತ್ತಿದ್ದೆ? ಕೆಸರಿನ ಪ್ರಾಜೆಕ್ಟ್‌ಗೆ ಬೇಕಾದ ಕೋರ್ ಈಗಾಗಲೇ ಅವರ ಕೈಯಲ್ಲಿದ್ದು, ಚಿಪ್ಪು ಇದೆ ಎಂದು ಯಾರಾದರೂ ನೋಡಿಯೂ ಆಗಿದ್ದು, ಕಾಯಂ ಟೆಕ್ನಿಷಿಯನ್ ಇದ್ದರೆ, ಕಣ್ಣು ಮುಚ್ಚಿ ಅದನ್ನೇ ಆರಿಸುತ್ತಿದ್ದೆ. ಕೋರ್ ಇನ್ನೂ ಮುಂದಿನ ವರ್ಷ ಹಡಗಿನಿಂದ ಬರಬೇಕು ಎಂದರೆ ಬೇಡ. ಆಗ ನೀರಿನ ಪ್ರಾಜೆಕ್ಟ್ ನೋಡಿ, ಅದರಲ್ಲೂ ಹಿಂದಿನ ಯಾನಗಳ ಡೇಟಾ ಕೈಯಲ್ಲಿದೆಯೇ ಎಂದು ಕೇಳಿ. ಹಡಗು ತಪ್ಪಿದರೂ ಅದರ ಮೇಲೆ ಒಂದು ಅಧ್ಯಾಯ ಬರೆಯಬಹುದು. ಮೂರನೇ ದಾರಿಯೂ ಇದೆ. ಮುಖ್ಯ ಕೆಲಸ ಕೆಸರಿನದ್ದಾಗಿದ್ದು, ಇವತ್ತಿನ ನೀರಿನ ಅಳತೆಗೂ ಕೆಸರಿನ ಮೇಲ್ಪದರದ ಚಿಪ್ಪಿಗೂ ಹೋಲಿಕೆ ಮಾಡುವ ಒಂದು ಭಾಗ ನಿಮಗೆ ಕೊಡಲು ಸಾಧ್ಯವೇ ಎಂದು ಗೈಡ್ ಹತ್ತಿರ ಕೇಳಿ ನೋಡಿ. ಗುಂಪು ಎರಡನ್ನೂ ಮಾಡುತ್ತಿದೆ ಅಂದಮೇಲೆ ಇದು ಅತಿಯಾದ ಬೇಡಿಕೆ ಅಲ್ಲ. ಆದರೆ ಎರಡೂ ಅರ್ಧಂಬರ್ಧ ಆಗುವ ಅಪಾಯ ಇದೆ. ಯಾವುದು ಮುಖ್ಯ ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಉತ್ತರ ಹೇಳುವ ಮೊದಲು ಆ ಫೋಟೋದಲ್ಲಿರುವ ಮೂರು ನಾಲ್ಕು ಜನರ ಜೊತೆ ಒಬ್ಬೊಬ್ಬರಾಗಿ ಮಾತನಾಡಿ. ಗೈಡ್ ಎದುರಿಗೆ ಬೇಡ. ಮೂರನೇ ಅಥವಾ ನಾಲ್ಕನೇ ವರ್ಷದ ವಿದ್ಯಾರ್ಥಿಗೆ, "ಕೊನೆಯ ಸಲ ನಿಮ್ಮ ಒಂದು ಅಂಕಿ ತಪ್ಪಾದದ್ದು ಯಾವಾಗ? ಆಗ ಏನಾಯ್ತು?" ಎಂದು ಕೇಳಿ. ಸಲೀಸಾಗಿ ಕಥೆ ಹೇಳಿದರೆ ಒಳ್ಳೆಯ ಗುರುತು. "ನಮ್ಮಲ್ಲಿ ತಪ್ಪೇ ಆಗಲ್ಲ" ಎಂದರೆ ಅಥವಾ ಬಾಗಿಲ ಕಡೆ ನೋಡಿದರೆ ಎಚ್ಚರ. ಟೆಕ್ನಿಷಿಯನ್ ಹೆಸರು ಲೇಖನಗಳಲ್ಲಿ ಬರುತ್ತದೆಯೇ ಎಂದು ಹಳೆಯ ಲೇಖನ ತೆಗೆದು ನೋಡಿ. ಅವರನ್ನು ಲೆಕ್ಕಕ್ಕೆ ಇಡದ ಗುಂಪು ನಿಮ್ಮನ್ನೂ ಒಂದು ದಿನ ಲೆಕ್ಕಕ್ಕೆ ಇಡುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಹಣ ಯಾವ ವರ್ಷದವರೆಗೆ ಇದೆ, ಯಂತ್ರದ ಸಮಯ ಯಾರು ಹಂಚುತ್ತಾರೆ, ಇವೂ ಬೇಕು. ಡೇಟಾವನ್ನು ಪ್ಯಾಂಜಿಯಾದಂಥ ಸಾರ್ವಜನಿಕ ಭಂಡಾರದಲ್ಲಿ ಹಾಕುತ್ತಾರಾ ಎಂದೂ ನೋಡಿ. ಹಾಕುವವರು ತಮ್ಮ ಅಂಕಿಯನ್ನು ಇತರರು ಪರೀಕ್ಷಿಸಲಿ ಎಂದು ಧೈರ್ಯ ಮಾಡಿದವರು.

ಕೆಲಸದ ವಿಷಯ ಮುಚ್ಚುಮರೆ ಇಲ್ಲದೆ ಹೇಳಬೇಕು. ಪಿಎಚ್‌ಡಿ ಮಾಡಿದವರೆಲ್ಲ ಪ್ರೊಫೆಸರ್ ಆಗುವುದಿಲ್ಲ, ಆಗುವವರು ಕಡಿಮೆ. ಪೋಸ್ಟ್‌ಡಾಕ್ ಒಪ್ಪಂದಗಳ ಸರಪಳಿಯಲ್ಲಿ ಸುಸ್ತಾದವರು ಬಹಳ ಜನ ನನಗೆ ಗೊತ್ತು. ಆದರೆ ಎರಡೂ ಪ್ರಾಜೆಕ್ಟ್‌ಗಳಲ್ಲಿ ನೀವು ಕಲಿಯುವ ನಿಖರ ಅಳತೆ, ಮಾಸ್ ಸ್ಪೆಕ್ಟ್ರೋಮೆಟ್ರಿ, ದೊಡ್ಡ ಡೇಟಾ ನಿಭಾಯಿಸುವುದು ಬೇರೆ ಕಡೆಯೂ ನಡೆಯುತ್ತದೆ. ನನ್ನ ಜೊತೆಗಿದ್ದವರು ಈಗ ನೀರಿನ ಗುಣಮಟ್ಟದ ಲ್ಯಾಬು, ಸಮುದ್ರದ ಸರ್ವೆ, ಪರಿಸರ ಸಲಹೆ, ಪಾಠ, ಡೇಟಾ ಕೆಲಸಗಳಲ್ಲಿ ಇದ್ದಾರೆ. ಕೋಡಿಂಗ್ ಮೊದಲ ವರ್ಷದಲ್ಲೇ ಕಲಿತುಬಿಡಿ.

ಕೊನೆಗೆ ವಾಂತಿ ಮತ್ತು ಈಜು. ಬಸ್ಸಿನಲ್ಲಿ ವಾಂತಿ ಬರುವವರಿಗೆ ಹಡಗಿನಲ್ಲೂ ಬರುವ ಸಾಧ್ಯತೆ ಜಾಸ್ತಿ. ಡಾಕ್ಟರನ್ನು ಕೇಳಿ, ಹಡಗು ಹೊರಡುವ ಮುಂಚೆಯೇ ಮಾತ್ರೆ ತೆಗೆದುಕೊಳ್ಳಬೇಕು. ಶುರುವಾದ ಮೇಲೆ ತೆಗೆದುಕೊಂಡರೆ ಅಷ್ಟು ಹಿಡಿಯುವುದಿಲ್ಲ. ಹೊರಗೆ ಬಂದು ದಿಗಂತ ನೋಡುತ್ತಾ ನಿಲ್ಲಿ. ಹಡಗಿನ ನಡುಭಾಗದಲ್ಲಿ ತೂಗಾಟ ಕಡಿಮೆ, ಮಲಗಲು ಅಲ್ಲಿ ಜಾಗ ಕೇಳಿ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಮೈ ಒಗ್ಗುತ್ತದೆ. ಕೆಲವರಿಗೆ ಒಗ್ಗುವುದೇ ಇಲ್ಲ. ಅಂಥವರು ದಡದ ಲ್ಯಾಬಿನಲ್ಲಿ ಕೂತು ಇಡೀ ವೃತ್ತಿ ಮುಗಿಸಿದ್ದಾರೆ, ಅವರನ್ನು ಯಾರೂ ಕಡಿಮೆ ಎಣಿಸಿಲ್ಲ. ನೀರಿನ ಪ್ರಾಜೆಕ್ಟ್ ಕಡೆ ಮನಸ್ಸಿದ್ದರೆ, ಒಪ್ಪುವ ಮೊದಲು ಒಂದೆರಡು ದಿನದ ಚಿಕ್ಕ ಯಾನಕ್ಕೆ ಕರೆದೊಯ್ಯಲು ಸಾಧ್ಯವೇ ಎಂದು ಕೇಳಿ. ಒಗ್ಗದಿದ್ದರೆ ಸಂಕೋಚ ಬಿಟ್ಟು ಹೇಳಿಬಿಡಿ.

ಈಜು ಬರದವರೂ ಹಡಗಿನಲ್ಲಿ ಕೆಲಸ ಮಾಡಿದ್ದನ್ನು ನೋಡಿದ್ದೇನೆ. ನಿಯಮ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ವೈದ್ಯಕೀಯ ತಪಾಸಣೆ ಮತ್ತು ಸುರಕ್ಷತಾ ತರಬೇತಿ ಸಾಮಾನ್ಯವಾಗಿ ಇರುತ್ತದೆ, ಅದು ಈಜುಕೊಳದಲ್ಲಿ ನಡೆಯಬಹುದು. ಹಾಗಾಗಿ ಈಗಲೇ ಈಜು ಕಲಿಯಲು ಸೇರಿಕೊಳ್ಳಿ, ಮೂರು ವಾರದಲ್ಲಿ ನೀರಿನ ಹೆದರಿಕೆ ಸ್ವಲ್ಪವಾದರೂ ಇಳಿಯುತ್ತದೆ. ಹಡಗು ಹೊರಡುವ ಹೊತ್ತಿಗೆ ಡ್ರಿಲ್ ಮಾಡಿಸುತ್ತಾರೆ. ಏಳು ಚಿಕ್ಕ ಕೂಗು, ಒಂದು ಉದ್ದನೆಯ ಕೂಗು ಕೇಳಿದರೆ ಲೈಫ್ ಜಾಕೆಟ್ ಹಾಕಿಕೊಂಡು ನಿಮಗೆ ತೋರಿಸಿದ ಜಾಗಕ್ಕೆ ಹೋಗಿ ನಿಲ್ಲಬೇಕು. ಅಲ್ಲಿ ಒಬ್ಬರು ಹೆಸರು ಕರೆದು ಎಲ್ಲರನ್ನೂ ಎಣಿಸುತ್ತಾರೆ. ಜಾಕೆಟ್‌ನ ಪಟ್ಟಿ ಬಿಗಿಯಾಗಿದೆಯೇ ಎಂದು ಪಕ್ಕದವರಿಗೆ ತೋರಿಸಿ, ಅವರದ್ದನ್ನು ನೀವು ನೋಡಿ.